ಚೆಂಡಿಗೂ ವಯಸ್ಸುಂಟು

ಫುಟ್‌ಬಾಲ್ ಚೆಂಡಿಗೆ ನಂಬರ್ ಉಂಟು. ದೊಡ್ಡವರು ಆಡುವುದು 5ನೇ ನಂಬರಿನ ಚೆಂಡು. ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. 8ರಿಂದ 12 ವರ್ಷದ ಮಕ್ಕಳಿಗೆ 4ನೇ ನಂಬರ್. ಅವರಿಗಿಂತ ಚಿಕ್ಕವರಿಗೆ 3ನೇ ನಂಬರ್. ಅದು ಹೆಚ್ಚುಕಡಿಮೆ 300 ಗ್ರಾಂ ತೂಗುತ್ತದೆ, ಆರು ವರ್ಷದ ಮಗು ಎದೆಗವಚಿಕೊಂಡು ಓಡುವಷ್ಟು ಹಗುರ. ಚೆಂಡು ಮಾಡುವವರಿಗೆ ಗೊತ್ತಿರುವ ಈ ಸಂಗತಿ ಮಕ್ಕಳನ್ನು ಆಡಿಸುವವರಿಗೆ ಎಷ್ಟೋ ಸಲ ಮರೆತುಹೋಗುತ್ತದೆ.

ನಮ್ಮ ಬಯಲುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಚೆಂಡು, ಅದೂ 5ನೇ ನಂಬರಿನದು. ಅದರ ಸುತ್ತ ಆರು ವರ್ಷದವನೂ ಇದ್ದಾನೆ, ಹದಿನಾರು ವರ್ಷದವನೂ ಇದ್ದಾನೆ. ಮಳೆಗಾಲದಲ್ಲಿ ಹೊಲಿಗೆಯ ಚೆಂಡು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ. ಪುಟ್ಟ ಹುಡುಗ ಓಡಿ ಬಂದು ಬೆರಳ ತುದಿಯಿಂದ ಒದೆಯುತ್ತಾನೆ. ಚೆಂಡು ಎರಡು ಮಾರು ಉರುಳಿ ಕೆಸರಲ್ಲಿ ನಿಲ್ಲುತ್ತದೆ, ಅವನು ಹೆಬ್ಬೆರಳು ಹಿಡಿದುಕೊಂಡು ಕುಂಟುತ್ತಾನೆ. ಮುಂದಿನ ಸಲ ಚೆಂಡು ಎದುರಿಗೆ ಬಂದಾಗ ಮುಖ ಆಚೆ ತಿರುಗಿಸುತ್ತಾನೆ. ನೋಡುವವರು ‘ಇವನಿಗೆ ಹೆದರಿಕೆ, ಇವನಿಂದ ಆಗದು’ ಎಂದು ತೀರ್ಮಾನಿಸುತ್ತಾರೆ. ಆ ಮಗುವಿನಲ್ಲಿ ಯಾವ ಕೊರತೆಯೂ ಇಲ್ಲ. ಕೊಟ್ಟ ಚೆಂಡು ಅವನದಲ್ಲ, ಅಷ್ಟೇ.

ಮಕ್ಕಳ ಆಟ ಅವರ ವಯಸ್ಸಿಗೆ ತಕ್ಕ ಹಾಗೆ ಇರಬೇಕು, ಆಡಬೇಕೆಂದು ಬಂದ ಪ್ರತಿ ಮಗುವಿಗೂ ಅದರಲ್ಲಿ ಜಾಗ ಇರಬೇಕು. ಇವತ್ತು ಹೇಳಬೇಕಾದ ಮಾತು ಇಷ್ಟೇ. ಮಂಗಳೂರಿನ ಜೆಪ್ಪುವನ್ನು ಮುಂದಿಟ್ಟುಕೊಂಡು ಹೇಳಲು ಕಾರಣವಿದೆ.

ಜೆಪ್ಪು ದುಡಿಯುವವರ ನೆಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ಇಲ್ಲೇ ನೇತ್ರಾವತಿಯ ದಂಡೆಯಲ್ಲಿ, ಮೋರ್ಗನ್ಸ್ ಗೇಟ್ ಹತ್ತಿರ. ಹೊಳೆಯ ಆವೆಮಣ್ಣು ಹಂಚಾಗಿ ದೇಶವಿದೇಶಕ್ಕೆ ಹೋಯಿತು. ಹಂಚಿನ ಜೊತೆಗೆ ಕೂಲಿ, ಮರಗೆಲಸ, ಬಂದರಿನ ಕೆಲಸ, ಮೀನಿನ ವ್ಯಾಪಾರ ನೆಚ್ಚಿಕೊಂಡು ಕುಟುಂಬಗಳು ಇಲ್ಲಿ ನೆಲೆಸಿದವು. 1879ರಲ್ಲಿ ಆರಂಭವಾದ ಸಂತ ಜೋಸೆಫರ ಸೆಮಿನರಿಯ ಹೆಸರು ಇಂದಿಗೂ ಬಸ್ ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರು. ಒಂದು ಕಡೆ ಮಂಗಳಾದೇವಿ, ಇನ್ನೊಂದು ಕಡೆ ಮಹಾಕಾಳಿಪಡ್ಪು, ಆಚೆ ಜೆಪ್ಪಿನಮೊಗರು. ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಓಣಿಯಲ್ಲಿ ಕೇಳುವ ಊರಿದು. ಇಲ್ಲಿಯ ಮಕ್ಕಳು ಫುಟ್‌ಬಾಲ್ ಆಡುವಾಗ ಒಬ್ಬ ‘ಇಂಚಿ ಕೊರ್ಲ’ ಎನ್ನುತ್ತಾನೆ, ಇನ್ನೊಬ್ಬ ‘ಹಾಂಗಾ ದೀ’ ಎನ್ನುತ್ತಾನೆ, ಎರಡರ ಅರ್ಥವೂ ‘ಇತ್ತ ಕೊಡು’ ಎಂದೇ, ಚೆಂಡು ಮಾತ್ರ ಸರಿಯಾದ ಕಾಲಿಗೆ ಹೋಗಿ ಸೇರುತ್ತದೆ. ಬೇರೆ ಬೇರೆ ಶಾಲೆ, ಬೇರೆ ಬೇರೆ ಮನೆಮಾತು, ಬೇರೆ ಬೇರೆ ಪ್ರಾರ್ಥನೆಯ ಮಕ್ಕಳು ದಿನಕ್ಕೆ ಒಂದು ಗಂಟೆ ಒಟ್ಟಿಗೆ ಓಡುವ ಜಾಗ ಈ ಕಾಲದಲ್ಲಿ ಕಡಿಮೆ. ಆ ಜಾಗವನ್ನು ಉಳಿಸಿಕೊಳ್ಳಬೇಕು.

ಆದರೆ ಬಯಲು ಕರಗುತ್ತಿದೆ. ಹಳೆಯ ಹಂಚಿನ ಮನೆಗಳ ಹಿತ್ತಿಲು, ತೆಂಗಿನ ತೋಟದ ಬದಿಯ ಖಾಲಿ ಜಾಗ, ಕಾರ್ಖಾನೆಯ ಅಂಗಳ ಎಲ್ಲವೂ ಒಂದೊಂದಾಗಿ ಫ್ಲ್ಯಾಟುಗಳಾಗಿವೆ. ಮಕ್ಕಳು ಪಾರ್ಕಿಂಗ್ ಜಾಗದಲ್ಲಿ ಕಾರುಗಳ ನಡುವೆ ಆಡುತ್ತಾರೆ, ಕಾವಲುಗಾರ ಬಂದು ಓಡಿಸುತ್ತಾನೆ. ಉಳಿದ ದೊಡ್ಡ ಬಯಲುಗಳು ಶಾಲೆಗಳವು ಮತ್ತು ಧಾರ್ಮಿಕ ಸಂಸ್ಥೆಗಳವು. ಹಲವೆಡೆ ಸಂಜೆಯಾಗುತ್ತಲೇ ಗೇಟಿಗೆ ಬೀಗ ಬೀಳುತ್ತದೆ. ಇನ್ನು ದುಡ್ಡು ಕೊಟ್ಟು ಆಡುವ ಟರ್ಫ್‌ಗಳು ನಗರದ ತುಂಬ ಬಂದಿವೆ. ಚಂದವಾಗಿವೆ, ದೀಪ ಇದೆ, ಬಲೆ ಇದೆ. ಆದರೆ ಗಂಟೆಯ ಲೆಕ್ಕದ ಬಾಡಿಗೆ ಆಟೋ ಓಡಿಸುವವರ ಮಗನಿಗೆ, ಬೀಡಿ ಕಟ್ಟುವವರ ಮಗಳಿಗೆ ಎಟಕುವುದಿಲ್ಲ.

ಹಾಗಾದರೆ ಶಾಲೆಯಲ್ಲಿ ಆಡಬಹುದಲ್ಲ ಎಂದು ಕೇಳಬಹುದು. ಶಾಲೆಯಲ್ಲಿ ತಂಡ ಇದೆ, ಪಂದ್ಯಾಟವೂ ಇದೆ. ಕ್ಲಸ್ಟರಿನಿಂದ ತಾಲೂಕು, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಲಾಖೆಯ ಕ್ರೀಡಾಕೂಟ ನಡೆಯುತ್ತದೆ. ಶಾಲಾ ತಂಡಗಳ ಸುಬ್ರತೋ ಕಪ್ 1960ರಿಂದ ಇದೆ. ನಮ್ಮ ನೆಹರೂ ಮೈದಾನದಲ್ಲಿ ದಕ್ಷಿಣ ಕನ್ನಡ ಜಿಲ್ಲಾ ಫುಟ್‌ಬಾಲ್ ಸಂಸ್ಥೆ ಶಾಲಾ ಕಾಲೇಜು ತಂಡಗಳಿಗಾಗಿ ನಡೆಸುವ ಇಂಡಿಪೆಂಡೆನ್ಸ್ ಕಪ್‌ಗೆ ಕಾಯುವ ಹುಡುಗ ಹುಡುಗಿಯರು ಎಷ್ಟೋ ಮಂದಿ. ಮಳೆಯಲ್ಲಿ ನೆನೆದು, ಕೆಂಪು ಕೆಸರಿನಲ್ಲಿ ಜಾರಿ ಬಿದ್ದು ಎದ್ದು ಆಡುವ ಆ ಪಂದ್ಯಗಳ ಕಳೆ ಬೇರೆಯೇ. ಇವೆಲ್ಲ ಇರಬೇಕು, ಇನ್ನೂ ಚೆನ್ನಾಗಿ ನಡೆಯಬೇಕು.

ಆದರೆ ತಂಡ ಎಂದರೆ ಆಯ್ಕೆ. ನಾನೂರು ಮಕ್ಕಳ ಶಾಲೆಯಿಂದ ಹೋಗುವವರು ಹದಿನೈದೋ ಹದಿನೆಂಟೋ ಮಂದಿ. ಉಳಿದವರು ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವವರು. ನಾಲ್ಕನೇ ತರಗತಿಯ ಮಗುವಿಗಂತೂ ತಂಡವೇ ಇಲ್ಲ. ಸ್ವಲ್ಪ ದಪ್ಪಗಿರುವವನು, ನಿಧಾನ ಓಡುವವಳು, ಕನ್ನಡಕ ಹಾಕಿದವನು, ಇವರ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ. ದೊಡ್ಡ ಆಟಗಾರರಾಗುವ ಆಸೆ ಇವರಿಗೆ ಇಲ್ಲದಿರಬಹುದು. ಆದರೆ ಆಡುವ ಆಸೆ ಇದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವ ಹಾಗೆ ಮೈ ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಈ ಮಾತು ತಂಡಕ್ಕೆ ಆಯ್ಕೆಯಾದ ಹದಿನೆಂಟು ಮಂದಿಗೆ ಮಾತ್ರ ಹೇಳಿದ್ದಲ್ಲ, ನಾನೂರು ಮಂದಿಗೂ ಹೇಳಿದ್ದು.

ಆಯ್ಕೆಯಲ್ಲಿ ಇನ್ನೊಂದು ಅನ್ಯಾಯ ಕಣ್ಣಿಗೆ ಕಾಣದ ಹಾಗೆ ಅಡಗಿದೆ. ವಯಸ್ಸಿನ ವರ್ಗಗಳನ್ನು ಸಾಮಾನ್ಯವಾಗಿ ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಒಂದೇ ವರ್ಷದ ಜನವರಿ 3ರಂದು ಹುಟ್ಟಿದವನೂ ಡಿಸೆಂಬರ್ 28ರಂದು ಹುಟ್ಟಿದವನೂ ‘10 ವರ್ಷದೊಳಗಿನವರು’ ಎಂಬ ಒಂದೇ ವರ್ಗಕ್ಕೆ ಸೇರುತ್ತಾರೆ. ಇಬ್ಬರ ನಡುವೆ ಸುಮಾರು ಒಂದು ವರ್ಷದ ಅಂತರ. ಒಂಬತ್ತು ವರ್ಷದ ಬದುಕಿನಲ್ಲಿ ಒಂದು ವರ್ಷ ಎಂದರೆ ಸಣ್ಣ ಮಾತಲ್ಲ. ಮೊದಲಿನವನು ಎತ್ತರ ಇದ್ದಾನೆ, ಜೋರಾಗಿ ಓಡುತ್ತಾನೆ, ತಳ್ಳಿದರೆ ಬೀಳುವುದಿಲ್ಲ. ಕೋಚ್ ಅವನನ್ನೇ ಆರಿಸುತ್ತಾರೆ. ಆರಿಸಿದ್ದರಿಂದ ಅವನಿಗೆ ಹೆಚ್ಚು ಅಭ್ಯಾಸ ಸಿಗುತ್ತದೆ, ಅಭ್ಯಾಸ ಸಿಕ್ಕಿದ್ದರಿಂದ ಅವನು ನಿಜವಾಗಿಯೂ ಮುಂದೆ ಹೋಗುತ್ತಾನೆ. ಎರಡನೆಯವನು ಮನೆಯಲ್ಲಿ ಮೊಬೈಲ್ ಹಿಡಿಯುತ್ತಾನೆ. ಕೆನಡಾದ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿ 1985ರಲ್ಲಿ ವಿದ್ವಾಂಸರು ಇದನ್ನು ತೋರಿಸಿದರು. ಆಮೇಲೆ ಫುಟ್‌ಬಾಲಿನಲ್ಲೂ ದೇಶದೇಶಗಳಲ್ಲಿ ಇದೇ ಕಂಡಿತು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಕಿರಿಯರ ತಂಡಗಳಲ್ಲಿ ಹೆಚ್ಚು. ಪ್ರತಿಭೆ ಎಂದು ನಾವು ಕರೆದದ್ದರಲ್ಲಿ ಒಂದಷ್ಟು ಪಾಲು ಬರೀ ಹುಟ್ಟಿದ ತಾರೀಕು. ಹತ್ತು ವರ್ಷಕ್ಕೇ ಮಕ್ಕಳನ್ನು ಸೋಸಿ ಬೇರೆ ಮಾಡುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಯಾವ ವಯಸ್ಸಿಗೆ ಯಾವ ಆಟ?

ನಾಲ್ಕರಿಂದ ಆರು ವರ್ಷದವರಿಗೆ ಫುಟ್‌ಬಾಲ್ ಎಂಬ ಪಂದ್ಯವೇ ಬೇಡ. ಬೇಕಾದದ್ದು ಚೆಂಡಿನ ಗೆಳೆತನ. ಒಬ್ಬೊಬ್ಬರಿಗೂ ಒಂದು 3ನೇ ನಂಬರಿನ ಚೆಂಡು, ಅರ್ಧದಿಂದ ಮುಕ್ಕಾಲು ಗಂಟೆಯ ಆಟ. ಚೆಂಡನ್ನು ಉರುಳಿಸಿಕೊಂಡು ಮರ ಮುಟ್ಟಿ ಬರುವುದು, ಕೋಚ್ ‘ನಿಲ್ಲು’ ಎಂದಾಗ ಕಾಲಡಿಯಲ್ಲಿ ನಿಲ್ಲಿಸುವುದು, ಹುಲಿ ಬಂತು ಎಂದಾಗ ಚೆಂಡು ಸಮೇತ ಓಡುವುದು. ಹುಲಿವೇಷದ ಊರಿನ ಮಕ್ಕಳಿಗೆ ಹುಲಿಯ ಆಟ ಹೇಳಿಕೊಡಬೇಕೆಂದಿಲ್ಲ. ಈ ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದು ಒದೆಸಿದರೆ ಗಂಟೆಯಲ್ಲಿ ಹೆಚ್ಚಿನ ಹೊತ್ತು ಅವರು ಸಾಲಿನಲ್ಲಿ ನಿಂತು ಮಣ್ಣು ಕೆದಕುತ್ತಾರೆ. ಆಡಿದ ಹಾಗೂ ಆಗಲಿಲ್ಲ, ಕಲಿತ ಹಾಗೂ ಆಗಲಿಲ್ಲ.

ಏಳರಿಂದ ಒಂಬತ್ತರವರೆಗೆ ಮೂರು ಮಂದಿ, ನಾಲ್ಕು ಮಂದಿ, ಐದು ಮಂದಿಯ ಪುಟ್ಟ ಪುಟ್ಟ ತಂಡಗಳು. ಒಂದೇ ಬಯಲಿನಲ್ಲಿ ಅಡ್ಡಡ್ಡ ಗೆರೆ ಎಳೆದರೆ ಮೂರು ನಾಲ್ಕು ಆಟ ಒಟ್ಟಿಗೆ ನಡೆಯುತ್ತದೆ. ಹನ್ನೊಂದು ಮಂದಿಯ ತಂಡದಲ್ಲಿ ಈ ವಯಸ್ಸಿನ ಮಗುವಿಗೆ ಚೆಂಡು ಸಿಗುವುದು ಅಪರೂಪ. ನಾಲ್ಕು ಮಂದಿಯ ತಂಡದಲ್ಲಿ ನಿಮಿಷ ನಿಮಿಷಕ್ಕೂ ಕಾಲಿಗೆ ಬರುತ್ತದೆ. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ನಡುವೆ ಎಂಟು ವರ್ಷದ ಗೋಲಿಯನ್ನು ನಿಲ್ಲಿಸುವುದು ಮಗುವಿಗೆ ಶಿಕ್ಷೆ ಕೊಟ್ಟ ಹಾಗೆ. ಎರಡು ಬ್ಯಾಗ್ ಇಟ್ಟು ಮಾಡಿದ ಸಣ್ಣ ಗೋಲು ಸಾಕು. ಗೋಲಿಯ ಸರದಿ ಎಲ್ಲರಿಗೂ ಬರಲಿ. ಡಿಫೆನ್ಸ್‌ನಲ್ಲಿ ಯಾವಾಗಲೂ ಒಬ್ಬನೇ, ಮುಂದೆ ಯಾವಾಗಲೂ ಒಬ್ಬನೇ ಎಂದು ಈಗಲೇ ಕಟ್ಟಿಹಾಕುವುದು ಬೇಡ.

ಹತ್ತರಿಂದ ಹನ್ನೆರಡು ಕಲಿಕೆಯ ಹೊನ್ನಿನ ವಯಸ್ಸು. ಏಳು ಮಂದಿ, ಆಮೇಲೆ ಒಂಬತ್ತು ಮಂದಿಯ ಆಟ. ಆಫ್‌ಸೈಡ್ ಎಂದರೇನು, ಚೆಂಡಿಲ್ಲದವನು ಎಲ್ಲಿ ಓಡಬೇಕು, ಎಡಗಾಲನ್ನೂ ಹೇಗೆ ಬಳಸಬೇಕು ಎಂಬುದೆಲ್ಲ ಈಗ ತಲೆಗೆ ಹತ್ತುತ್ತದೆ. ಆದರೆ ತಲೆಯಿಂದ ಚೆಂಡು ಹೊಡೆಯುವ ವಿಷಯದಲ್ಲಿ ಎಚ್ಚರ ಬೇಕು. ಬೆಳೆಯುವ ಮಿದುಳಿಗೆ ಪದೇ ಪದೇ ಪೆಟ್ಟು ಬೀಳುವುದು ಒಳ್ಳೆಯದಲ್ಲ ಎಂಬ ಕಾರಣಕ್ಕೆ ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಕಿರಿಯರಿಗೆ ಹೆಡ್ಡಿಂಗ್ ಬೇಡವೆಂದಿತು. 2020ರಲ್ಲಿ ಇಂಗ್ಲೆಂಡಿನಲ್ಲೂ ಪ್ರಾಥಮಿಕ ಶಾಲೆಯ ವಯಸ್ಸಿನವರ ಅಭ್ಯಾಸದಿಂದ ಅದನ್ನು ತೆಗೆದರು. ನಮ್ಮ ಬಯಲಿನಲ್ಲಿ ಇದಕ್ಕೆ ಖರ್ಚೇನೂ ಇಲ್ಲ. ಕಿರಿಯರ ಆಟದಲ್ಲಿ ಚೆಂಡು ನೆಲದ ಮೇಲೇ ಇರಲಿ ಎಂದು ಕೋಚ್ ಒಂದು ಮಾತು ಹೇಳಿದರೆ ಆಯಿತು.

ಹದಿಮೂರು ದಾಟಿದ ಮೇಲೆ ಮೈ ಒಮ್ಮೆಲೇ ಬೆಳೆಯುತ್ತದೆ. ಒಂದೇ ತರಗತಿಯಲ್ಲಿ ಮೀಸೆ ಮೂಡಿದವನೂ ಇರುತ್ತಾನೆ, ಇನ್ನೂ ಮಗುವಿನ ದನಿಯವನೂ ಇರುತ್ತಾನೆ. ಕೆಲವರಿಗೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಬರುತ್ತದೆ. ಎಲುಬು ಬೇಗ ಬೆಳೆಯುವ ಕಾಲದಲ್ಲಿ ಅತಿಯಾಗಿ ಓಡಿ ಜಿಗಿದವರಿಗೆ ಬರುವ ನೋವು ಅದು. ‘ನೆಪ ಹೇಳಬೇಡ’ ಎಂದು ಗದರಿಸದೆ ವಿಶ್ರಾಂತಿ ಕೊಡಬೇಕು. ವಯಸ್ಸು ಒಂದೇ ಆದರೂ ಮೈಕಟ್ಟು ನೋಡಿ ತಂಡ ಹಂಚಬೇಕು. ಹದಿನಾರು ಹದಿನೇಳಕ್ಕೆ ಎಸ್ಸೆಸ್ಸೆಲ್ಸಿ, ಪಿಯುಸಿಯ ಒತ್ತಡ. ಆಗ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲಿಸುವುದು ಆಟವನ್ನು. ಈ ವಯಸ್ಸಿನವರನ್ನು ಬಯಲಿನಲ್ಲಿ ಉಳಿಸಿಕೊಳ್ಳಲು ಒಂದು ಉಪಾಯ ಅವರಿಗೆ ಜವಾಬ್ದಾರಿ ಕೊಡುವುದು. ಚಿಕ್ಕವರ ಪಂದ್ಯಕ್ಕೆ ರೆಫ್ರಿಯಾಗಲಿ, ಪುಟ್ಟವರಿಗೆ ಲೇಸ್ ಕಟ್ಟಿಕೊಡಲಿ, ವಾರಕ್ಕೊಂದು ಸಲ ತಾವೂ ಆಡಲಿ.

ಇದೆಲ್ಲ ಹೇಳಲು ಚಂದ, ಗೆಲ್ಲುವುದಕ್ಕೆ ಸ್ಪರ್ಧೆ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಉತ್ತರಕ್ಕೆ ನಾರ್ವೆಯನ್ನು ನೋಡಬೇಕು. ಅಲ್ಲಿ 1987ರಿಂದ ಮಕ್ಕಳ ಕ್ರೀಡೆಗೆ ದೇಶವಿಡೀ ಒಂದು ನಿಯಮಾವಳಿ ಇದೆ. ಇಂದಿನ ನಿಯಮದ ಪ್ರಕಾರ ಹನ್ನೊಂದನೇ ವಯಸ್ಸಿನವರೆಗೆ ಅಂಕಪಟ್ಟಿ, ರ‍್ಯಾಂಕ್ ಪ್ರಕಟಿಸುವಂತಿಲ್ಲ. ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ಈ ನಾಡಿನಿಂದಲೇ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಎರ್ಲಿಂಗ್ ಹಾಲೆಂಡ್ ಬಂದಿದ್ದಾನೆ. ಬ್ರೂನೆ ಎಂಬ ಅವನ ಸಣ್ಣ ಊರಿನಲ್ಲಿ ಅವನ ವಯಸ್ಸಿನ ಸುಮಾರು 40 ಮಕ್ಕಳನ್ನು ಒಂದೇ ಗುಂಪಾಗಿ, ಯಾರನ್ನೂ ಹೊರಗೆ ಹಾಕದೆ ವರ್ಷಾನುಗಟ್ಟಲೆ ಆಡಿಸಿದರು. ಚಳಿ ಮಳೆಯ ಆ ಊರಿನ ಒಳಾಂಗಣದ ಬಾಗಿಲು ರಜೆಯ ದಿನ ಮಕ್ಕಳಿಗೆ ತೆರೆದಿರುತ್ತಿತ್ತು. ಚಿಕ್ಕಂದಿನಲ್ಲಿ ಅವನು ಗುಂಪಿನಲ್ಲಿ ದೊಡ್ಡ ಮೈಯವನೂ ಆಗಿರಲಿಲ್ಲ. ಹತ್ತು ವರ್ಷಕ್ಕೇ ಸೋಸಿದ್ದರೆ ಅವನಂಥವರು ಹೊರಗೆ ಉಳಿಯಬಹುದಿತ್ತು. ಜರ್ಮನಿಯಂಥ ಗೆಲುವಿನ ದೇಶವೂ 2024–25ರ ಋತುವಿನಿಂದ ಪುಟ್ಟ ಮಕ್ಕಳಿಗೆ ಎರಡೆರಡು, ಮೂರುಮೂರು ಮಂದಿಯ ಸಣ್ಣ ಗೋಲಿನ ಆಟವನ್ನೇ ಕಡ್ಡಾಯ ಮಾಡಿದೆ. ಸ್ಪರ್ಧೆಗೆ ಹೆದರಿದವರು ಮಾಡಿದ ಬದಲಾವಣೆ ಇದಲ್ಲ. ಆಟ ಬಲ್ಲವರು ಯೋಚಿಸಿ ಮಾಡಿದ್ದು.

ನಮ್ಮಲ್ಲೂ ಯೋಚನೆ ಆರಂಭವಾಗಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಆರಂಭಿಸಿದ ಗೋಲ್ಡನ್ ಬೇಬಿ ಲೀಗ್ ಪುಟ್ಟ ಮಕ್ಕಳಿಗಾಗಿಯೇ ಇದ್ದಂಥದ್ದು. ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡಬಹುದಿತ್ತು. ದೊಡ್ಡ ಕ್ಲಬ್ ಬೇಕೆಂದಿಲ್ಲ, ಊರಿನವರು, ಹೆತ್ತವರು ಸೇರಿ ಸಣ್ಣ ಲೀಗ್ ನಡೆಸಬಹುದು ಎಂಬುದು ಅದರ ಆಶಯವಾಗಿತ್ತು. ಇದಕ್ಕೆ ಬೇಕಾದ ಮನಸ್ಸು ಕರಾವಳಿಗೆ ಹೊಸದಲ್ಲ. ಕಸಬಾ ಬೆಂಗ್ರೆಯಲ್ಲಿ, ಉಳ್ಳಾಲದಲ್ಲಿ, ಆಚೆ ಕಾಸರಗೋಡಿನ ಮೊಗ್ರಾಲಿನಲ್ಲಿ ಫುಟ್‌ಬಾಲ್ ಬೆಳೆದದ್ದು ಊರಿನ ಬಯಲಿನಲ್ಲಿ, ಊರಿನವರ ಕೈಯಲ್ಲಿ. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಂತಿರುವುದೂ ಓಣಿಯ ಜನರ ಪ್ರೀತಿಯಿಂದ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಆ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಆ ತಲೆಮಾರನ್ನು ಬೆಳೆಸಿದ್ದು ದುಬಾರಿ ಶುಲ್ಕದ ತರಬೇತಿಯಲ್ಲ, ತೆರೆದ ಬಯಲು.

ಹುಡುಗಿಯರ ಮಾತು ಬೇರೆಯಾಗಿಯೇ ಹೇಳಬೇಕು. ಒಂಬತ್ತು ವರ್ಷದವರೆಗೆ ಹುಡುಗರ ಸಮಕ್ಕೆ ಓಡುವ ಹುಡುಗಿ ಹನ್ನೆರಡಕ್ಕೆ ಬಯಲಿನಿಂದ ಮಾಯವಾಗುತ್ತಾಳೆ. ಅವಳಿಗೆ ಆಟ ಬೇಸರವಾದದ್ದಲ್ಲ. ಬಟ್ಟೆ ಬದಲಿಸಲು ಜಾಗ ಇಲ್ಲ, ಶೌಚಾಲಯಕ್ಕೆ ಬೀಗ, ಆಟ ಮುಗಿಯುವಾಗ ಕತ್ತಲು, ಮನೆಯ ದಾರಿಯಲ್ಲಿ ದೀಪ ಇಲ್ಲ, ನೆರೆಮನೆಯವರ ಮಾತು ಬೇರೆ. ಇದಕ್ಕೆ ಪರಿಹಾರ ಭಾಷಣದಿಂದ ಆಗದು. ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಗೊತ್ತುಮಾಡಬೇಕು. ಅವರ ಆಟ ಐದಕ್ಕೆ ಆರಂಭವಾಗಿ ಬೆಳಕಿರುವಾಗಲೇ ಮುಗಿಯಬೇಕು. ಬಯಲಿನಲ್ಲಿ ಒಬ್ಬರಾದರೂ ಅಕ್ಕ, ಒಬ್ಬರಾದರೂ ಟೀಚರ್ ಇರಬೇಕು. ಇಷ್ಟು ಮಾಡಿದರೆ ಹೆತ್ತವರ ಅರ್ಧ ಚಿಂತೆ ಇಳಿಯುತ್ತದೆ.

ಹೆತ್ತವರಿಗೂ ಒಂದು ಮಾತು. ಗೆರೆಯ ಆಚೆ ನಿಂತು ಕೂಗುವ ಅಭ್ಯಾಸ ನಮ್ಮಲ್ಲಿ ಹೆಚ್ಚುತ್ತಿದೆ. ಇತ್ತೀಚೆಗೆ ಒಂದು ಸಂಜೆ ಕಂಡದ್ದು: ಎಂಟು ವರ್ಷದ ಹುಡುಗ, ಕಾಲಿಗಿಂತ ಒಂದು ಸೈಜ್ ದೊಡ್ಡದಾದ ಹೊಸ ಬೂಟು. ‘ಬೆಳೆಯುವ ಮಗು, ಮುಂದಿನ ವರ್ಷಕ್ಕೂ ಆದೀತು’ ಎಂದು ಕೊಂಡದ್ದಿರಬೇಕು. ಓಡುವಾಗ ಹಿಮ್ಮಡಿ ಬೂಟಿನಿಂದ ಎದ್ದು ಬರುತ್ತಿತ್ತು. ಚೆಂಡು ಅವನ ಬಳಿ ಬಂದಾಗಲೆಲ್ಲ ತಂದೆ ಬೇಲಿಯಾಚೆಯಿಂದ ‘ಹೊಡಿ’ ಎನ್ನುತ್ತಿದ್ದರು, ಕೋಚ್ ‘ಪಾಸ್ ಕೊಡು’ ಎನ್ನುತ್ತಿದ್ದರು. ಹುಡುಗ ಇಬ್ಬರ ಮುಖವನ್ನೂ ನೋಡಿದ. ಅಷ್ಟರಲ್ಲಿ ಚೆಂಡು ಬೇರೆಯವರ ಕಾಲಿಗೆ ಹೋಗಿತ್ತು. ತಂದೆಗೆ ಮಗನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಕೆಲಸ ಬೇಗ ಮುಗಿಸಿ ಬಂದು ನಿಂತದ್ದೇ ಪ್ರೀತಿಯಿಂದ. ಆದರೆ ಮಗುವಿಗೆ ಆ ಹೊತ್ತು ಬೇಕಾದದ್ದು ತಾನೇ ನೋಡಿ ತಾನೇ ನಿರ್ಧರಿಸುವ ಅವಕಾಶ. ತಪ್ಪು ಹೊಡೆದರೆ ಹೊಡೆಯಲಿ, ಮುಂದಿನ ಸಲ ಸರಿಯಾಗುತ್ತದೆ. ಸ್ಕೂಟರಿನಲ್ಲಿ ಮನೆಗೆ ಕರೆದೊಯ್ಯುವಾಗ ‘ಎಷ್ಟು ಗೋಲು ಹೊಡೆದೆ’ ಎಂದು ಕೇಳುವ ಬದಲು ‘ಇವತ್ತು ಖುಷಿಯಾಯಿತಾ’ ಎಂದು ಕೇಳಿ. ಬೂಟು ಕಾಲಿಗೆ ಸರಿಯಾದದ್ದೇ ಇರಲಿ. ಸರಿಯಾದದ್ದು ಸಿಗದಿದ್ದರೆ ಆ ವಯಸ್ಸಿಗೆ ಮೃದು ನೆಲದಲ್ಲಿ ಬರಿಗಾಲು ಸಾಕು. ಮುರಕಲ್ಲಿನ ಹರಳು ಇರುವ ಕಡೆ ಸಾದಾ ಕ್ಯಾನ್ವಾಸ್ ಶೂ ಸಾಕು.

ನಮ್ಮ ಹವೆಗೆ ತಕ್ಕ ಹಾಗೆ ವೇಳಾಪಟ್ಟಿಯೂ ಬೇಕು. ಬೇಸಗೆ ಶಿಬಿರ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಸೆಕೆ ತಡೆಯಲಾಗದ ಹೊತ್ತಿನಲ್ಲಿ. ಹತ್ತು ಗಂಟೆಯ ಬಿಸಿಲಿಗೆ ಪುಟ್ಟ ಮಕ್ಕಳನ್ನು ಓಡಿಸುವುದು ತರವಲ್ಲ. ಬೆಳಿಗ್ಗೆ ಆರೂವರೆಗೆ ಆರಂಭಿಸಿ ಎಂಟರೊಳಗೆ ಮುಗಿಸಬೇಕು. ಕಾಲು ಗಂಟೆಗೊಮ್ಮೆ ನೀರು ಕುಡಿಸಬೇಕು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆಯಲ್ಲಿ ಆಡುವುದು ನಮ್ಮ ಮಕ್ಕಳ ಹಕ್ಕು ಎನ್ನಬಹುದು, ಆ ಸುಖ ಕಸಿಯುವುದು ಬೇಡ. ಆದರೆ ಗುಡುಗು ಕೇಳಿದ ತಕ್ಷಣ ಆಟ ನಿಲ್ಲಬೇಕು, ಎಲ್ಲರೂ ಒಳಗೆ ಬರಬೇಕು, ಮರದ ಕೆಳಗೆ ನಿಲ್ಲಬಾರದು. ಪಾಚಿ ಕಟ್ಟಿದ ಸಿಮೆಂಟಿನ ಅಂಗಳದಲ್ಲಿ ಓಡಾಟದ ಆಟ ಬೇಡ.

ಇದಕ್ಕೆಲ್ಲ ಎಷ್ಟು ಖರ್ಚು ಎಂದು ಲೆಕ್ಕ ಹಾಕಿದರೆ ಬಹಳವೇನೂ ಇಲ್ಲ. 3, 4, 5 ಈ ಮೂರೂ ನಂಬರಿನ ಒಂದಿಷ್ಟು ಚೆಂಡು, ಗಾಳಿ ತುಂಬುವ ಪಂಪು, ಎರಡು ಬಣ್ಣದ ಬನಿಯನ್ನು, ಗೆರೆ ಎಳೆಯಲು ಸುಣ್ಣ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಆಡಿಸುವವರಲ್ಲಿ ಒಬ್ಬರಾದರೂ ಫೆಡರೇಶನ್ನಿನ ಡಿ ಲೈಸೆನ್ಸ್ ತರಬೇತಿ ಪಡೆದವರಾದರೆ ಒಳ್ಳೆಯದು. ಉಳಿದವರು ನಿವೃತ್ತ ಪಿ.ಟಿ. ಮಾಸ್ಟ್ರು, ಹಳೆಯ ಆಟಗಾರರು, ಕಾಲೇಜು ಹುಡುಗ ಹುಡುಗಿಯರು. ಆದರೆ ಒಂದು ವಿಷಯದಲ್ಲಿ ಮುಲಾಜು ಬೇಡ. ಮಕ್ಕಳ ಜೊತೆ ಇರುವವರು ಯಾರು, ಅವರ ಹಿನ್ನೆಲೆ ಏನು ಎಂದು ವಿಚಾರಿಸಿಯೇ ಸೇರಿಸಿಕೊಳ್ಳಬೇಕು. 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಎಲ್ಲರಿಗೂ ತಿಳಿಹೇಳಬೇಕು. ಒಬ್ಬನೇ ದೊಡ್ಡವನು ಒಂದೇ ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಕೂಡದು ಎಂಬ ನಿಯಮ ಮೊದಲ ದಿನದಿಂದಲೇ ಇರಬೇಕು. ಇದನ್ನು ಯಾರೂ ಅವಮಾನವೆಂದು ತಿಳಿಯಬೇಕಾಗಿಲ್ಲ, ಒಳ್ಳೆಯ ಕೋಚ್‌ಗೂ ಇದೇ ರಕ್ಷಣೆ.

ಹಣಕ್ಕಿಂತ ದೊಡ್ಡ ಅಡ್ಡಿ ಗೇಟು. ಶಾಲೆಯ ಆಡಳಿತ ಮಂಡಳಿಗಳಿಗೆ ತಮ್ಮದೇ ಭಯಗಳಿವೆ: ಕಿಟಕಿ ಗಾಜು ಒಡೆದರೆ, ಯಾರಾದರೂ ಬಿದ್ದು ಕೈ ಮುರಿದರೆ, ಹೊರಗಿನವರು ನುಗ್ಗಿದರೆ ಹೊಣೆ ಯಾರು? ಈ ಭಯ ಸುಳ್ಳಲ್ಲ. ಅದಕ್ಕೆ ಉತ್ತರ ಊರಿನವರೇ ಕೊಡಬೇಕು. ವಾರ್ಡಿನ ಹತ್ತು ಮನೆಯವರು ಸೇರಿ ಒಂದು ಸಮಿತಿ ಮಾಡಿಕೊಳ್ಳಲಿ. ಆಡುವ ಮಕ್ಕಳ ಹೆಸರು, ಮನೆಯವರ ಫೋನ್ ನಂಬರ್ ಒಂದು ಪುಸ್ತಕದಲ್ಲಿರಲಿ. ಗೇಟು ತೆರೆಯುವವರು, ಮುಚ್ಚುವವರು, ಕಸ ಹೆಕ್ಕುವವರು ಯಾರೆಂದು ಬರೆದು ಸಹಿ ಹಾಕಿ ಕೊಡಲಿ. ಯಕ್ಷಗಾನ ಬಯಲಾಟಕ್ಕೆ, ಚರ್ಚಿನ ಹಬ್ಬಕ್ಕೆ, ಉರೂಸಿಗೆ, ಗಣೇಶೋತ್ಸವಕ್ಕೆ ರಾತ್ರಿ ಹಗಲು ದುಡಿಯುವ ಸ್ವಯಂಸೇವಕರು ಇರುವ ಊರಿದು. ವಾರಕ್ಕೆ ಮೂರು ಗಂಟೆ ಮಕ್ಕಳ ಆಟಕ್ಕೆ ಕೊಡಲು ಜನ ಸಿಗದೆ ಇರಲಾರರು.

ಕಪ್ಪಿನ ಲೆಕ್ಕ ಸುಲಭ, ಕಪಾಟಿನಲ್ಲಿ ಎಣಿಸಬಹುದು. ಆದರೆ ಮಕ್ಕಳ ಆಟದ ಕಾರ್ಯಕ್ರಮ ಒಳ್ಳೆಯದೋ ಅಲ್ಲವೋ ಎಂದು ಅಳೆಯುವ ಅಳತೆ ಒಂದೇ: ಜೂನ್‌ನಲ್ಲಿ ಸೇರಿದ ಮಕ್ಕಳಲ್ಲಿ ಮಾರ್ಚಿನಲ್ಲಿ ಎಷ್ಟು ಮಂದಿ ಇನ್ನೂ ಬರುತ್ತಿದ್ದಾರೆ? ನಿಧಾನ ಓಡುವವಳು ಬರುತ್ತಿದ್ದಾಳಾ? ಡಿಸೆಂಬರಿನಲ್ಲಿ ಹುಟ್ಟಿದವನು ಬರುತ್ತಿದ್ದಾನಾ? ಅವರು ಬರುತ್ತಿದ್ದರೆ ಅಲ್ಲಿಂದ ನಾಳೆ ಒಬ್ಬ ಒಳ್ಳೆಯ ಆಟಗಾರನೂ ಬರುತ್ತಾನೆ. ಬಾರದಿದ್ದರೂ ಗಟ್ಟಿ ಮೈಯ, ಸೋತವನ ಕೈ ಕುಲುಕಲು ಬಲ್ಲ ನಾಗರಿಕರು ಬರುತ್ತಾರೆ. ಊರಿಗೆ ಎರಡನೆಯದೇ ಹೆಚ್ಚು ಅಗತ್ಯ.

ಜೆಪ್ಪುವಿನ, ಮಂಗಳೂರಿನ ಎಲ್ಲ ಶಾಲೆಗಳ, ಚರ್ಚು, ಮಸೀದಿ, ದೇವಸ್ಥಾನಗಳ ಆಡಳಿತದವರಲ್ಲಿ ಒಂದು ವಿನಂತಿ. ವಾರಕ್ಕೆ ಎರಡು ಸಂಜೆ, ಭಾನುವಾರ ಒಂದು ಬೆಳಿಗ್ಗೆ ನಿಮ್ಮ ಬಯಲಿನ ಗೇಟನ್ನು ಊರಿನ ಮಕ್ಕಳಿಗೆ ತೆರೆದಿಡಿ. ಹೆತ್ತವರೇ, ಆ ಗೇಟಿನ ಹೊಣೆ ಹೊರಲು ನಿಮ್ಮಲ್ಲಿ ಒಬ್ಬರು ಈ ವಾರವೇ ಮುಂದೆ ಬನ್ನಿ.